ಗಂಗಾಮೂಲದ ಪಂಡಿತಾ ರಮಾಬಾಯಿ

ಊರಿನಿಂದ ಬಂದ ನೆಂಟರನ್ನು ಶಿಕಾಗೊ ನಗರದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡಕ್ಕೆ ಕರೆದೊಯ್ಯದ ಕನ್ನಡಿಗರು ಇಲ್ಲಿ ವಿರಳ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಅಲ್ಲಿ ಮಾತನಾಡಿದರೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಅದಕ್ಕೆ ಏಳು ವರ್ಷ ಮೊದಲು, 1886ರ ಮಾರ್ಚ್‌ನಲ್ಲಿ, ಇಪ್ಪತ್ತೇಳು ವರ್ಷದ ವಿಧವೆಯೊಬ್ಬರು ಪುಟ್ಟ ಮಗಳ ಕೈಹಿಡಿದು ಇದೇ ದೇಶಕ್ಕೆ ಬಂದು, ಸುಮಾರು ಮೂರು ವರ್ಷಗಳ ಕಾಲ ಊರೂರು ಸುತ್ತಿ, ಭಾರತದ ಸ್ತ್ರೀಯರ ಸ್ಥಿತಿಯನ್ನು ಕುರಿತು ಉಪನ್ಯಾಸಗಳನ್ನು ನೀಡಿದ್ದರು. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದಲ್ಲಿ. ಆದರೂ ಪಂಡಿತಾ ರಮಾಬಾಯಿ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ಮಹಾರಾಷ್ಟ್ರ ನೆನಪಾಗುತ್ತದೆ. ಉಳಿದವರಿಗೆ ಏನೂ ನೆನಪಾಗುವುದಿಲ್ಲ. ಈ ಮರೆವು ಆಕಸ್ಮಿಕವಲ್ಲವೆಂದು ನನಗೆ ಅನ್ನಿಸುತ್ತದೆ. ಮನೆಯ ಮಾತನ್ನು ಪರರ ಮುಂದೆ ಆಡಿದವರನ್ನು ಯಾವ ಸಮಾಜವೂ ಸುಲಭವಾಗಿ ನೆನೆಯುವುದಿಲ್ಲ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಅವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಮನೆತನದವರು. ವೇದಶಾಸ್ತ್ರಾಧ್ಯಯನಕ್ಕೆಂದು ಪುಣೆಗೆ ಹೋದಾಗ, ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣಿನ ಬಾಯಲ್ಲಿ ಶುದ್ಧವಾದ ಶ್ಲೋಕಪಾಠವನ್ನು ಕೇಳಿದ ಆ ವಿದ್ಯಾರ್ಥಿ, ತನ್ನ ಹೆಂಡತಿಗೂ ಸಂಸ್ಕೃತ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ತೀರ್ಥಯಾತ್ರೆಗೆ ಹೊರಟಿದ್ದ ಶಾಸ್ತ್ರಿಗಳಿಗೆ, ಗೋದಾವರಿಯ ದಡದಲ್ಲಿ ಭೇಟಿಯಾದ ಬ್ರಾಹ್ಮಣನೊಬ್ಬ ತನ್ನ ಒಂಬತ್ತು ವರ್ಷದ ಮಗಳನ್ನು ಧಾರೆಯೆರೆದು ಕೊಟ್ಟ. ವರನಿಗೆ ಆಗಲೇ ನಲವತ್ತು ದಾಟಿತ್ತು. ಆ ಬಾಲಿಕೆಯೇ ಲಕ್ಷ್ಮೀಬಾಯಿ, ರಮಾಬಾಯಿಯವರ ತಾಯಿ. ಸ್ತ್ರೀಶಿಕ್ಷಣದ ಪಕ್ಷಪಾತಿಯಾದ ಒಬ್ಬ ಮಹಾಪಂಡಿತನಿಗೂ ಈ ವಿವಾಹದಲ್ಲಿ ವಿಪರೀತವೇನೂ ಕಾಣಲಿಲ್ಲವೆಂಬುದನ್ನು ಇಂದಿನ ಓದುಗರು ಗಮನಿಸದೆ ಇರಲಾರರು. ಆ ಕಾಲದ ಸುಧಾರಣೆ ಹೀಗೆ ಒಂದು ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿಕೊಂಡೇ ನಡೆಯಿತು.

ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸುತ್ತಿರುವ ಸುದ್ದಿ ಹರಡಿದಾಗ ಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯ ಎದುರು ನಿಂತು ಉತ್ತರ ಹೇಳಬೇಕಾಯಿತು. ಸ್ತ್ರೀಯರಿಗೆ ಪುರಾಣಾದಿಗಳ ಅಧ್ಯಯನ ನಿಷಿದ್ಧವಲ್ಲವೆಂದು ಅವರು ಶಾಸ್ತ್ರಪ್ರಮಾಣಗಳಿಂದಲೇ ವಾದಿಸಿದರು. ವಾದ ಗೆದ್ದರೂ ಊರಿನ ಬಾಳು ಹಿತವಾಗಲಿಲ್ಲ. ಘಟ್ಟವೇರಿ, ಗಂಗಾಮೂಲದ ದಟ್ಟ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದರು. 1858ರ ಏಪ್ರಿಲ್ 23ರಂದು ಅಲ್ಲಿ ರಮಾ ಹುಟ್ಟಿದಳು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ, ಅತಿಥಿಸತ್ಕಾರದಿಂದಲೇ ಸಂಪತ್ತು ಕರಗಿಹೋಗಿದ್ದ ಕುಟುಂಬವು ಆಶ್ರಮ ತೊರೆದು ಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವಿಳಿದ.

ಮುಂದಿನ ಹದಿನಾರು ವರ್ಷ ಆ ಕುಟುಂಬಕ್ಕೆ ಮನೆಯೆಂಬುದಿರಲಿಲ್ಲ. ದೇವಾಲಯಗಳಲ್ಲಿ, ನದಿತೀರದ ಘಾಟುಗಳಲ್ಲಿ ಪುರಾಣ ಓದುವುದು, ಕೇಳಿದವರು ಅರ್ಪಿಸಿದ್ದರಲ್ಲಿ ಜೀವಿಸಿ ಉಳಿದುದನ್ನು ದಾನಮಾಡುವುದು, ಮತ್ತೊಂದು ಕ್ಷೇತ್ರಕ್ಕೆ ನಡೆಯುವುದು. ಬೆಳಗಿನ ಜಾವ ತಾಯಿ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಡುತ್ತಿದ್ದರು. ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಗೆ ಕಂಠಸ್ಥವಾದದ್ದು ಹೀಗೆ. ಹಿರಿಯ ಮಗಳ ಬಾಲ್ಯವಿವಾಹ ದುಃಖದಲ್ಲಿ ಕೊನೆಗೊಂಡಿದ್ದರಿಂದ ಕಿರಿಯಳಿಗೆ ಬೇಗನೆ ಮದುವೆ ಮಾಡುವ ಗೋಜಿಗೆ ತಂದೆ ಹೋಗಲಿಲ್ಲ.

ಬಳಿಕ ದಕ್ಷಿಣದಲ್ಲಿ ಬರ ಬಂದಿತು. 1874ರಲ್ಲಿ ತಂದೆ, ಕೆಲವೇ ತಿಂಗಳಲ್ಲಿ ತಾಯಿ, ಅನಂತರ ಅಕ್ಕ, ಒಬ್ಬರ ಹಿಂದೊಬ್ಬರು ಹಸಿವಿನಿಂದ ಬಂದ ರೋಗಕ್ಕೆ ತುತ್ತಾದರು. ತಾಯಿಯ ಶವಕ್ಕೆ ಹೆಗಲು ಕೊಡಲು ಜನ ಸಿಗದಿದ್ದಾಗ, ಕರುಣೆಯಿಂದ ಮುಂದೆ ಬಂದವರು ಇಬ್ಬರೇ. ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಎತ್ತರ ಸಾಲದ ಕಾರಣ ಹೆಗಲಿನ ಬದಲು ತಲೆಯ ಮೇಲೆ ಹೊತ್ತು ಆಕೆ ಸ್ಮಶಾನದವರೆಗೆ ನಡೆದರು. ಈ ದಿನಗಳ ಕುರಿತು ಮುಂದೆ ಬರೆಯುವಾಗ ರಮಾಬಾಯಿ ಬರವನ್ನಷ್ಟೇ ದೂರಲಿಲ್ಲ. ಶಾಸ್ತ್ರ ಬಲ್ಲ ಆ ಮನೆಯವರಿಗೆ ದುಡಿದು ತಿನ್ನುವ ಒಂದು ಕೆಲಸವೂ ತಿಳಿದಿರಲಿಲ್ಲ. ಕೂಲಿ ಮಾಡಲು ಜಾತಿಯ ಅಭಿಮಾನ ಬಿಡುತ್ತಿರಲಿಲ್ಲ. ಕಾಲು ಶತಮಾನದ ನಂತರ ಆಕೆ ತೆರೆದ ಆಶ್ರಯದಲ್ಲಿ ಪ್ರತಿ ಹುಡುಗಿಯೂ ಓದಿನೊಡನೆ ಒಂದು ಕಸುಬನ್ನು ಕಲಿಯಲೇಬೇಕೆಂಬ ನಿಯಮ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ಅಣ್ಣ-ತಂಗಿ ಉಪಖಂಡದ ಉದ್ದಗಲಕ್ಕೂ ನಡೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಸ್ತ್ರೀಧರ್ಮವನ್ನು ಕುರಿತು ಮಾತನಾಡುವಂತೆ ಕೇಳಿದಾಗ, ಅದುವರೆಗೆ ಪುರಾಣಗಳನ್ನಷ್ಟೇ ಓದಿದ್ದ ಆಕೆ ಧರ್ಮಶಾಸ್ತ್ರಗಳನ್ನು ತೆರೆದು ನೋಡಿದರು. ಒಂದರೊಡನೊಂದು ಒಪ್ಪದ ಆ ಗ್ರಂಥಗಳು ಒಂದು ಮಾತಿನಲ್ಲಿ ಮಾತ್ರ ಒಪ್ಪುವುದನ್ನು ಕಂಡರು: ಮೇಲ್ಜಾತಿಯ ಹೆಣ್ಣಾಗಲಿ ಕೆಳಜಾತಿಯ ಹೆಣ್ಣಾಗಲಿ, ಶೂದ್ರರಂತೆಯೇ ಸ್ವತಂತ್ರವಾಗಿ ಮೋಕ್ಷಕ್ಕೆ ಅರ್ಹಳಲ್ಲ. ತಂದೆ ಶಾಸ್ತ್ರದ ಬಲದಿಂದ ತೆರೆದಿದ್ದ ಬಾಗಿಲಿನಿಂದ ಒಳಹೊಕ್ಕ ಮಗಳು, ಆ ಶಾಸ್ತ್ರವನ್ನೇ ಪ್ರಶ್ನಿಸತೊಡಗಿದ್ದು ಇಲ್ಲಿಂದ.

ಅಣ್ಣನ ಮರಣದ ನಂತರ 1880ರಲ್ಲಿ ಆಕೆ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ನೋಂದಣಿ ವಿವಾಹವಾದರು. ವರ ಬಂಗಾಳಿ, ಬ್ರಾಹ್ಮಣೇತರ. ಎರಡೂ ಕಡೆಯ ಸಮಾಜ ಅವರನ್ನು ಹೊರಗಿಟ್ಟಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆಗೆ ಪತಿ ಬಲಿಯಾದರು. ಇಪ್ಪತ್ಮೂರರ ವಯಸ್ಸಿನಲ್ಲಿ ವಿಧವೆಯಾಗಿ, ಕೈಗೂಸಿನೊಡನೆ ಪುಣೆಗೆ ಬಂದ ರಮಾಬಾಯಿ ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದರು.

ಅದೇ 1882ರಲ್ಲಿ ವಿದ್ಯಾಭ್ಯಾಸವನ್ನು ಕುರಿತ ಹಂಟರ್ ಆಯೋಗದ ಮುಂದೆ ಆಕೆ ನೀಡಿದ ಸಾಕ್ಷ್ಯ, ವೈದ್ಯವೃತ್ತಿಯಲ್ಲಿರುವ ನನ್ನನ್ನು ವಿಶೇಷವಾಗಿ ಹಿಡಿದು ನಿಲ್ಲಿಸುತ್ತದೆ. ಶಿಕ್ಷಕಿಯರು ಬೇಕು, ಶಾಲಾ ತಪಾಸಣೆಗೆ ಮಹಿಳೆಯರೇ ಬೇಕು ಎಂದು ಹೇಳಿದ ಬಳಿಕ, ಭಾರತಕ್ಕೆ ಸ್ತ್ರೀವೈದ್ಯರು ಬೇಕೆಂದು ಆಕೆ ಒತ್ತಾಯಿಸಿದರು. ಕಾರಣ ಸರಳ: ಪುರುಷನ ಮುಂದೆ ರೋಗವನ್ನು ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದರು. 1885ರಲ್ಲಿ ಸ್ಥಾಪಿತವಾದ ಲೇಡಿ ಡಫರಿನ್ ನಿಧಿಯ ಹಿಂದೆ ಈ ಸಾಕ್ಷ್ಯದ ಪ್ರೇರಣೆಯಿತ್ತೆಂದು ಅನೇಕ ಜೀವನಚರಿತ್ರೆಗಳು ಹೇಳುತ್ತವೆ. ಪೂರ್ತಿ ಶ್ರೇಯಸ್ಸನ್ನು ಒಬ್ಬರಿಗೇ ಕೊಡುವುದು ಅತಿಯಾದೀತು. ಆದರೆ ಸರ್ಕಾರಿ ದಾಖಲೆಯಲ್ಲಿ ಈ ಮಾತನ್ನು ಆಡಿದ ಭಾರತೀಯ ಮಹಿಳೆ ಆಕೆ. ಇಂದಿಗೂ ಈ ನಾಡಿನ ನನ್ನ ಚಿಕಿತ್ಸಾಲಯದಲ್ಲಿ, ನಮ್ಮ ಕಡೆಯ ಹೆಂಗಸೊಬ್ಬರನ್ನು ನೋವು ಎಲ್ಲಿದೆಯೆಂದು ಕೇಳಿದರೆ ಪಕ್ಕದ ಕುರ್ಚಿಯಲ್ಲಿರುವ ಗಂಡ ಉತ್ತರಿಸುವುದುಂಟು. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರುವಂತೆ ವಿನಂತಿಸಿದ ಮೇಲೆಯೇ ನಿಜವಾದ ರೋಗದ ಕಥೆ ಆರಂಭವಾಗುತ್ತದೆ. ಕೆಲವೊಮ್ಮೆ ಅದು ರೋಗವೇ ಆಗಿರುವುದಿಲ್ಲ.

ತಾನೇ ವೈದ್ಯೆಯಾಗಬೇಕೆಂಬ ಆಸೆಯಿಂದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಆದರೆ ಆಕೆಯ ಶ್ರವಣಶಕ್ತಿ ಕುಂದುತ್ತಿತ್ತು, ಆ ದಾರಿ ಮುಚ್ಚಿಹೋಯಿತು. ಒಂದು ಹಿಯರಿಂಗ್ ಏಡ್ ಆಗ ಇದ್ದಿದ್ದರೆ ಎಂದು ಯೋಚಿಸುವುದು ವೃತ್ತಿಯ ಚಪಲವಿರಬಹುದು. ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದ ಆಕೆಗೆ, ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅವರ ಆತ್ಮಹತ್ಯೆ ದೊಡ್ಡ ಆಘಾತವಾಯಿತು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳೊಡನೆ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಪುಣೆಯಲ್ಲಿ ಕೋಲಾಹಲವೆದ್ದಿತು, ಆಕೆಯ ಪರವಾಗಿ ಬರೆದವರಲ್ಲಿ ಜ್ಯೋತಿಬಾ ಫುಲೆ ಪ್ರಮುಖರು.

ಮತಾಂತರವಾದವರು ಹೊಸ ಗುರುಗಳಿಗೆ ವಿಧೇಯರಾಗುತ್ತಾರೆಂಬ ನಿರೀಕ್ಷೆಯನ್ನು ಆಕೆ ಹುಸಿಗೊಳಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂದಿತು. ಅದು ಭಾರತದಲ್ಲಿ ಆಕೆಯ ಹೆಸರಿಗೆ ಕುಂದು ತರುವುದೆಂದು ಬಿಷಪ್ಪರು ತಡೆದರು. ಸ್ವದೇಶದಲ್ಲಿ ಗಂಡಸರ ಸಭೆಗಳಲ್ಲೇ ಉಪನ್ಯಾಸ ಮಾಡಿ ಬಂದಿದ್ದ ಆಕೆ ಇದನ್ನು ಒಪ್ಪಲಿಲ್ಲ. ಧಾರ್ಮಿಕ ತತ್ತ್ವಗಳ ವಿಷಯದಲ್ಲೂ ಚರ್ಚಿನೊಡನೆ ದೀರ್ಘವಾದ ವಾಗ್ವಾದ ನಡೆಸಿದರು. ಉಡುಪಿಯ ಸಭೆಯಲ್ಲಿ ನಿಂತ ಶಾಸ್ತ್ರಿಗಳ ಮಗಳೆಂಬುದನ್ನು ಆಕೆಯ ಪತ್ರಗಳು ಪುಟಪುಟದಲ್ಲಿ ಹೇಳುತ್ತವೆ.

1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆಕೆಯ ದೂರದ ಬಂಧು ಆನಂದೀಬಾಯಿ ಜೋಶಿ ವೈದ್ಯಪದವಿ ಪಡೆದರು. ಆ ಸಮಾರಂಭಕ್ಕೆಂದೇ ರಮಾಬಾಯಿ ಅಮೆರಿಕಕ್ಕೆ ಬಂದದ್ದು. ಒಂದು ವರ್ಷ ತುಂಬುವ ಮೊದಲೇ, ಇಪ್ಪತ್ತೆರಡೂ ಆಗದ ಆನಂದೀಬಾಯಿ ಕ್ಷಯರೋಗದಿಂದ ಪುಣೆಯಲ್ಲಿ ನಿಧನರಾದರು. ರಮಾಬಾಯಿ ಮಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಇಲ್ಲಿಯೇ ಉಳಿದರು. ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. 1887ರಲ್ಲಿ ದಿ ಹೈ-ಕಾಸ್ಟ್ ಹಿಂದೂ ವುಮನ್ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಅದಕ್ಕೆ ಮುನ್ನುಡಿ ಬರೆದರು. ಅರ್ಪಣೆ ತಾಯಿ ಲಕ್ಷ್ಮೀಬಾಯಿಗೆ. ಬಾಲ್ಯ, ವಿವಾಹ, ವೈಧವ್ಯ ಎಂಬ ಹಂತಗಳಲ್ಲಿ ಮೇಲ್ಜಾತಿಯ ಹೆಣ್ಣಿನ ಬದುಕನ್ನು ಕ್ರಮವಾಗಿ ಪರಿಶೀಲಿಸುವ ಈ ಕೃತಿಯಲ್ಲಿ ಆಕೆಯ ಸ್ವಂತ ಕಥೆ ಬಹಳ ಕಡಿಮೆ. ಶಾಸ್ತ್ರವಾಕ್ಯಗಳು, ಜನಗಣತಿಯ ಅಂಕಿಗಳು, ಕೊನೆಯಲ್ಲಿ ಪರಿಹಾರದ ಯೋಜನೆ. ರೋಗಿಯ ಕಡತದ ಶಿಸ್ತು ಅದಕ್ಕಿದೆ. ಪುಸ್ತಕದ ಮಿತಿಯನ್ನು ಅದರ ಹೆಸರೇ ಹೇಳುತ್ತದೆ. ದುಡಿಯುವ ಜಾತಿಗಳ ಹೆಣ್ಣು ಇಲ್ಲಿ ಕೇಂದ್ರದಲ್ಲಿಲ್ಲ.

ಪುಸ್ತಕ ಸಾವಿರಾರು ಪ್ರತಿಗಳಲ್ಲಿ ಮಾರಾಟವಾಯಿತು. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ರೂಪುಗೊಂಡು, ವಿಧವೆಯರ ಶಾಲೆಗೆ ಹತ್ತು ವರ್ಷಗಳ ನೆರವು ನೀಡುವುದಾಗಿ ಒಪ್ಪಿತು. ಊರೂರಿನಲ್ಲಿ ರಮಾಬಾಯಿ ಸರ್ಕಲ್‌ಗಳು ಹುಟ್ಟಿದವು. ಆ ಸಂಘದ ಉಪಾಧ್ಯಕ್ಷರಲ್ಲಿ ನಮ್ಮ ಶಿಕಾಗೊದ ನೆರೆಯ ಇವಾನ್‌ಸ್ಟನ್‌ನಲ್ಲಿ ವಾಸವಾಗಿದ್ದ ಫ್ರಾನ್ಸಿಸ್ ವಿಲಾರ್ಡ್ ಒಬ್ಬರು. ಮದ್ಯವಿರೋಧಿ ಮಹಿಳಾ ಸಂಘಟನೆಯ ನಾಯಕಿಯಾದ ಆಕೆ, ಅದರ ಮೂಲಕ ಮತದಾನದ ಹಕ್ಕಿನವರೆಗೂ ಹೆಂಗಸರನ್ನು ಒಯ್ದವರು. ಅವರ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಲಕ್ಷಾಂತರ ಸಾಮಾನ್ಯ ಗೃಹಿಣಿಯರು ಸಭೆ ಸೇರಿ, ಲೆಕ್ಕ ಬರೆದು, ಪತ್ರಿಕೆ ನಡೆಸುವುದನ್ನು ರಮಾಬಾಯಿ ಬೆರಗಿನಿಂದ ಕಂಡರು. ಸ್ವದೇಶಕ್ಕೆ ಮರಳಿ 1889ರಲ್ಲಿ ಪ್ರಕಟಿಸಿದ ಮರಾಠಿ ಪ್ರವಾಸವೃತ್ತಾಂತದಲ್ಲಿ ಅದನ್ನೇ ವಿಸ್ತಾರವಾಗಿ ವರ್ಣಿಸಿದರು. ಆದರೆ ಅದು ಬರಿಯ ಹೊಗಳಿಕೆಯಲ್ಲ. ಮೂಲನಿವಾಸಿಗಳಿಗೆ, ಕರಿಯರಿಗೆ ಬಿಳಿಯರು ಮಾಡಿದ ಅನ್ಯಾಯವನ್ನೂ ಆಕೆ ಮರಾಠಿ ಓದುಗರ ಮುಂದೆ ಬಿಚ್ಚಿಟ್ಟರು. ಅಮೆರಿಕನ್ನರ ಮುಂದೆ ನಮ್ಮ ದೋಷ ಹೇಳಿದವರು ನಮ್ಮ ಮುಂದೆ ಅಮೆರಿಕದ ದೋಷವನ್ನೂ ಹೇಳಿದರೆಂಬುದನ್ನು ಆಕೆಯ ಟೀಕಾಕಾರರು ಮರೆಯುತ್ತಾರೆ.

ಟೀಕೆ ತೀಕ್ಷ್ಣವಾಗಿಯೇ ಬಂದಿತು. ವಿವೇಕಾನಂದರು 1894ರಲ್ಲಿ ಡೆಟ್ರಾಯ್ಟ್ ಮುಂತಾದ ನಗರಗಳಲ್ಲಿ ಉಪನ್ಯಾಸ ಮಾಡುವಾಗ, ಹಿಂದೂ ಸ್ತ್ರೀಯರ ದುಃಸ್ಥಿತಿಯ ಬಗ್ಗೆ ಮಿಷನರಿಗಳು ಹರಡಿದ್ದ ಚಿತ್ರವನ್ನು ಅಳಿಸಲು ಯತ್ನಿಸಿದರು. ವಿಧವೆಯರ ವಿಷಯದಲ್ಲಿ 1895ರಲ್ಲಿ ಬ್ರೂಕ್ಲಿನ್‌ನ ರಮಾಬಾಯಿ ಸರ್ಕಲ್‌ನ ಹೆಂಗಸರೊಡನೆ ಪತ್ರಿಕೆಗಳಲ್ಲಿ ಬಹಿರಂಗ ವಿವಾದವೇ ನಡೆಯಿತು. ಇಬ್ಬರದೂ ದೇಶಪ್ರೇಮವೇ. ಗುಲಾಮದೇಶದ ಮಾನವನ್ನು ಪರದೇಶದಲ್ಲಿ ಕಾಯುವುದು ಸ್ವಾಮೀಜಿಯವರ ಕಾಳಜಿ. ಅವಮಾನದಿಂದ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತ ಹನ್ನೆರಡರ ಹುಡುಗಿಗೆ ಅನ್ನ, ಅಕ್ಷರ ಒದಗಿಸುವುದು ರಮಾಬಾಯಿಯವರ ಕಾಳಜಿ. ಕೇಳುತ್ತಿದ್ದ ಬಿಳಿಯರಲ್ಲಿ ಕೆಲವರು ಆಕೆಯ ಮಾತನ್ನು ತಮ್ಮ ಶ್ರೇಷ್ಠತೆಯ ಪುರಾವೆಯನ್ನಾಗಿ ಬಳಸಿಕೊಂಡದ್ದು ನಿಜ. ಹಾಗೆಂದು ಆಕೆ ಸುಮ್ಮನಿರಬೇಕಿತ್ತೇ? ಇದೇ ಪ್ರಶ್ನೆಯನ್ನು ಅದೇ ಕಾಲದಲ್ಲಿ ಇನ್ನೊಬ್ಬ ಮಹಿಳೆ ಎದುರಿಸಿದರು. ಕರಿಯರನ್ನು ಗುಂಪುಗೂಡಿ ಕೊಲ್ಲುವ ಅಮೆರಿಕದ ಕ್ರೌರ್ಯವನ್ನು ಐಡಾ ಬಿ. ವೆಲ್ಸ್ ಅವರು 1893 ಮತ್ತು 1894ರಲ್ಲಿ ಇಂಗ್ಲೆಂಡಿಗೆ ಹೋಗಿ ಹೇಳಿದಾಗ, ದೇಶದ ಮಾನ ಕಳೆದರೆಂದು ಇಲ್ಲಿಯ ಪತ್ರಿಕೆಗಳು ಹರಿಹಾಯ್ದವು. ಆಗ ವೆಲ್ಸ್ ಅವರು ಎದುರುಹಾಕಿಕೊಂಡವರಲ್ಲಿ, ಕರಿಯರ ಬಗ್ಗೆ ಹಗುರವಾಗಿ ಮಾತನಾಡಿದ್ದ ಫ್ರಾನ್ಸಿಸ್ ವಿಲಾರ್ಡ್ ಅವರೂ ಇದ್ದರು. ಭಾರತದ ವಿಧವೆಯ ನೋವನ್ನು ಕೇಳಿಸಿಕೊಂಡ ಕಿವಿಗೆ ಸ್ವದೇಶದ ಆರ್ತನಾದ ಕೇಳಿಸಲಿಲ್ಲ. ವೆಲ್ಸ್ ಮುಂದೆ ಶಿಕಾಗೊದಲ್ಲೇ ನೆಲೆಸಿದರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ರಮಾಬಾಯಿಯವರ ಶಾರದಾ ಸದನ ಆರಂಭವಾಯಿತು. ಶಿಕಾಗೊದಲ್ಲಿ ಜೇನ್ ಆಡಮ್ಸ್ ಅವರ ಹಲ್ ಹೌಸ್ ಬಾಗಿಲು ತೆರೆದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮರುವಿವಾಹವಾದರು; ಕರ್ವೆಯವರು ಮುಂದೆ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಸದನ 1890ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಮತಪ್ರಚಾರವಿಲ್ಲವೆಂಬ ಭರವಸೆಯ ಮೇಲೆ ರಾನಡೆ, ಭಂಡಾರಕರ್ ಮೊದಲಾದವರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿಯವರ ಖಾಸಗಿ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಒಳಗೆ ಬಂದು ಕೂರುತ್ತಿದ್ದರು. ತಿಲಕರ ಕೇಸರಿ ಪತ್ರಿಕೆ ಇದನ್ನು ಹಿಡಿದು ತೀವ್ರವಾಗಿ ಖಂಡಿಸಿತು. 1893ರಲ್ಲಿ ಮಂಡಳಿ ರಾಜೀನಾಮೆ ನೀಡಿತು, ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಇಲ್ಲಿ ನಾನು ರಮಾಬಾಯಿಯವರ ಪೂರ್ಣ ಪಕ್ಷಪಾತಿಯಲ್ಲ. ಆಶ್ರಯ ಕೊಟ್ಟವರ ಪ್ರಾರ್ಥನೆಗೆ ಆಶ್ರಿತಳಾದ ಹುಡುಗಿ ಎಷ್ಟು ಸ್ವತಂತ್ರವಾಗಿ ಬರುತ್ತಾಳೆಂಬ ಸಂಶಯ ನ್ಯಾಯವಾದದ್ದು. ಆದರೆ ಹಿಂತಿರುಗಿದ ಆ ಹುಡುಗಿಯರ ಮುಂದಿನ ಓದಿನ ಬಗ್ಗೆ ಅಷ್ಟೇ ಆವೇಶದಿಂದ ಕೇಳಿದವರು ಎಷ್ಟು ಮಂದಿ ಇದ್ದರು?

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಿದ್ದಾಗ, ತಾನೇ ಬರದ ಕೂಸಾಗಿದ್ದ ರಮಾಬಾಯಿ ಅಲ್ಲಿಗೆ ಧಾವಿಸಿ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಿಂದ ದೂರದ ಕೇಡಗಾಂವ್‌ನಲ್ಲಿ ಮುಕ್ತಿ ಎಂಬ ನೆಲೆ ಬೆಳೆಯಿತು. ಇಲ್ಲಿ ಜಾತಿಯ ಗಡಿಯಿರಲಿಲ್ಲ. ಮೊದಲ ಪುಸ್ತಕದ ಮಿತಿಯನ್ನು ಆಕೆ ದಾಟಿದ್ದು ಬರೆಹದಲ್ಲಲ್ಲ, ಈ ಅಂಗಳದಲ್ಲಿ. 1897ರ ಪ್ಲೇಗ್ ಕಾಲದಲ್ಲಿ, ತಪಾಸಣೆಯ ಹೆಸರಿನಲ್ಲಿ ಹೆಂಗಸರಿಗೆ ಆಗುತ್ತಿದ್ದ ಅವಮಾನ, ಪ್ರತ್ಯೇಕಶಿಬಿರಕ್ಕೆ ಒಯ್ದ ತನ್ನ ಆಶ್ರಯದ ಹುಡುಗಿಯೊಬ್ಬಳು ಕಾಣೆಯಾದ ಸಂಗತಿ, ಇವುಗಳನ್ನು ಆಕೆ ಪತ್ರಿಕೆಗೆ ಬರೆದರು. ಸರ್ಕಾರ ಅಲ್ಲಗಳೆಯಿತು, ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಕ್ರೈಸ್ತಳೆಂಬ ಕಾರಣಕ್ಕೆ ಆಕೆಯನ್ನು ಪರಕೀಯರ ಕೈಗೊಂಬೆಯೆಂದು ಕರೆದವರಿಗೆ ಈ ಪತ್ರ ಉತ್ತರವಾಗಬೇಕಿತ್ತು.

1900ರ ಬರದ ನಂತರ ಮುಕ್ತಿಯಲ್ಲಿ ಸುಮಾರು 2,000 ಮಂದಿ ಇದ್ದರು. ಮಗ್ಗ, ಎಣ್ಣೆಗಾಣ, ಹೈನುಗಾರಿಕೆ, ತೋಟ, ಮುದ್ರಣಾಲಯ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬೇರೆಯೇ ಸದನವಿತ್ತು. ಈ ವರ್ಷಗಳಲ್ಲಿ ಆಕೆಯ ಭಕ್ತಿ ಹೆಚ್ಚು ತೀವ್ರವೂ ಸಂಸ್ಥೆ ಹೆಚ್ಚು ಕ್ರೈಸ್ತವೂ ಆದವು. ಸ್ತ್ರೀವಾದಿ ಓದುಗರು ಮೊದಲ ರಮಾಬಾಯಿಯನ್ನು ಮೆಚ್ಚಿ ಈ ರಮಾಬಾಯಿಯ ಬಳಿ ತಡವರಿಸುತ್ತಾರೆ. ನಮ್ಮ ಶಿಕಾಗೊದಲ್ಲಿ ದಕ್ಷಿಣ ಏಷ್ಯಾದ ಹೆಂಗಸರು ಹಿಂಸೆಯ ಮನೆಯಿಂದ ಹೊರಬಂದಾಗ ತಂಗಲೆಂದು ಅಪ್ನಾ ಘರ್ ಸಂಸ್ಥೆ ಹುಟ್ಟಿದ್ದು 1989ರಲ್ಲಿ, ಶಾರದಾ ಸದನ ತೆರೆದು ಸರಿಯಾಗಿ ನೂರು ವರ್ಷಕ್ಕೆ. ನಮ್ಮ ಜನರ ಬಗ್ಗೆ ಅಮೆರಿಕನ್ನರಿಗೆ ತಪ್ಪು ಅಭಿಪ್ರಾಯ ಬರುವುದಿಲ್ಲವೇ ಎಂದು ಇಂಥ ಕೆಲಸದ ಕುರಿತು ಔತಣಕೂಟಗಳಲ್ಲಿ ಕೇಳಿದವರನ್ನು ನಾನು ಬಲ್ಲೆ. ಪ್ರಶ್ನೆ ಹಳೆಯದು.

ಕನ್ನಡನಾಡಿನ ಕಡೆಗೆ ಆಕೆಯ ಕೆಲಸ ಮತ್ತೊಮ್ಮೆ ಬಂದದ್ದು ಗುಲ್ಬರ್ಗಕ್ಕೆ, ಇಂದಿನ ಕಲಬುರಗಿಗೆ. ಅಲ್ಲಿ 1912ರಲ್ಲಿ ಆರಂಭವಾದ ಶಾಲೆಯನ್ನು ಮನೋರಮಾ ನೋಡಿಕೊಂಡರು. ಅಮೆರಿಕದಲ್ಲೂ ಓದಿ ಬಂದಿದ್ದ ಮಗಳೇ ತನ್ನ ಉತ್ತರಾಧಿಕಾರಿಯೆಂದು ರಮಾಬಾಯಿ ನಂಬಿದ್ದರು. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡರು. ಆ ಹೊತ್ತಿಗೆ ಪೂರ್ಣ ಕಿವುಡಾಗಿದ್ದ ತಾಯಿಯ ಮೇಜಿನ ಮೇಲೆ ಮರಾಠಿ ಬೈಬಲ್ಲಿನ ಕರಡಚ್ಚುಗಳಿದ್ದವು. ಪಂಡಿತರ ಮರಾಠಿ ಓದುಬರಹ ಕಡಿಮೆಯಿದ್ದ ಹೆಂಗಸರಿಗೆ ಅರ್ಥವಾಗದೆಂದು, ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಆಕೆಯೇ ಮಾಡಿದ ಅನುವಾದ ಅದು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರು. ತಿದ್ದುವ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕೊನೆಯುಸಿರೆಳೆದರು.